ಶಿರಸಿ ಸುತ್ತ ಜಲಪಾತಕ್ಕೆ ಕಾರಿನಲ್ಲಿ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೃಗಶಿರ ಮಳೆ ಬಿದ್ದು ನಾಲ್ಕು ದಿನ ಆಗುವುದಿಲ್ಲ, ನಮ್ಮ ಮನೆಗೆ ಫೋನ್ ಶುರು. ಹುಬ್ಬಳ್ಳಿಯ ಭಾವ, ಬೆಂಗಳೂರಿನ ಅತ್ತಿಗೆಯ ಆಫೀಸಿನವರು, ಕಾರವಾರದಲ್ಲಿ ಕೆಲಸಕ್ಕಿರುವ ಹಳೆಯ ಗೆಳೆಯ. ಎಲ್ಲರದ್ದೂ ಒಂದೇ ಮಾತು: "ಫಾಲ್ಸ್ ಈಗ ಹೇಗಿದೆ? ಬರಬಹುದಾ?" ಶಿರಸಿಯಲ್ಲಿ ಮನೆ ಇದ್ದವರಿಗೆ ಇದು ಮಳೆಗಾಲದ ಒಂದು ಕೆಲಸವೇ ಆಗಿಹೋಗಿದೆ. ಹೇಳಿದ್ದನ್ನೇ ಹೇಳಿ ಸಾಕಾಗಿ, ಈ ಸಲ ಬರೆದೇ ಇಟ್ಟಿದ್ದೇನೆ.

ಒಂದೇ ದಿನದಲ್ಲಿ ಎಷ್ಟು ಫಾಲ್ಸ್ ನೋಡಬಹುದು?

ಎರಡು. ಮಳೆ ಜೋರಿದ್ದರೆ ಒಂದು.

ಮ್ಯಾಪಿನಲ್ಲಿ ನೋಡಿದರೆ ಉಂಚಳ್ಳಿ, ಬೆಣ್ಣೆಹೊಳೆ, ವಿಭೂತಿ, ಮಾಗೋಡು, ಸಾತೊಡ್ಡಿ, ಶಿವಗಂಗೆ ಎಲ್ಲ ಅಂಗೈ ಅಗಲದ ಜಾಗದಲ್ಲೇ ಇವೆ ಅನಿಸುತ್ತದೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಣಿವೆ ಇದೆ. ಒಂದು ಹೊಳೆಯ ಬುಡಕ್ಕೆ ಇಳಿದವರು ಮತ್ತೆ ಮೇಲೆ ಹತ್ತಿ, ದೊಡ್ಡ ರಸ್ತೆಗೆ ಬಂದು, ಇನ್ನೊಂದು ಕಡೆಯಿಂದ ಇಳಿಯಬೇಕು. ಒಳರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ಹೋದರೆ ಅದೇ ಜಾಸ್ತಿ. ಎದುರಿಗೆ ಬಸ್ ಬಂದರೆ ಅದೂ ಇಲ್ಲ.

ನನ್ನ ಚಿಕ್ಕಪ್ಪನ ಮಗ ಒಂದು ಸಲ ಹಟ ಮಾಡಿ ನಾಲ್ಕು ನೋಡಿದ. ರಾತ್ರಿ ಊಟಕ್ಕೆ ಕೂತು ಫೋಟೋ ತೋರಿಸುತ್ತಿದ್ದ. ಮೂರನೆಯದು ಯಾವುದು ಅಂತ ಕೇಳಿದರೆ ಅವನಿಗೇ ಗೊತ್ತಾಗಲಿಲ್ಲ. ಎಲ್ಲದರಲ್ಲೂ ಬಿಳಿ ನೀರು, ಎಲ್ಲದರ ಮುಂದೂ ಅವನ ಹೆಂಡತಿ ಕೊಡೆ ಹಿಡಿದು ನಿಂತಿದ್ದಾಳೆ.

ಜೋಡಿ ಮಾಡುವುದಾದರೆ ಹೀಗೆ ಮಾಡಿ. ಯಲ್ಲಾಪುರದ ಕಡೆ ಮಾಗೋಡು ಮತ್ತು ಸಾತೊಡ್ಡಿ. ಸಿದ್ದಾಪುರದ ಕಡೆ ಉಂಚಳ್ಳಿ ಮತ್ತು ಜೋಗ. ಯಾಣಕ್ಕೆ ಹೋಗುವವರು ಅದರ ಜೊತೆ ವಿಭೂತಿ. ಬೆಳಿಗ್ಗೆ ಮಾಗೋಡು, ಮಧ್ಯಾಹ್ನ ಉಂಚಳ್ಳಿ ಅನ್ನುವ ಪ್ಲಾನ್ ಹಾಕಿಕೊಂಡು ಫೋನ್ ಮಾಡಬೇಡಿ.

ಯಾವ ತಿಂಗಳಲ್ಲಿ ಬಂದರೆ ಚೆನ್ನಾಗಿರುತ್ತದೆ?

ಜುಲೈ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಪುನರ್ವಸು, ಪುಷ್ಯ ಮಳೆ ಧೋ ಅಂತ ಹೊಡೆಯುವಾಗ ನೀರು ತುಂಬಿರುತ್ತದೆ, ನಿಜ. ಆದರೆ ನೋಡಲು ಸಿಗಬೇಕಲ್ಲ? ಕಣಿವೆಯ ತುಂಬ ಮಂಜು ಇರುತ್ತದೆ. ಅದರ ಮೇಲೆ ಜಲಪಾತದ್ದೇ ತುಂತುರು. ಸದ್ದು ಮಾತ್ರ ಕೇಳುತ್ತದೆ. ಒಂದು ಆಷಾಢದಲ್ಲಿ ನಾವು ಉಂಚಳ್ಳಿಯ ಕಟಾಂಜನ ಹಿಡಿದು ನಲವತ್ತು ನಿಮಿಷ ನಿಂತಿದ್ದೆವು. ಎದುರಿಗೆ ಬಿಳಿ ಗೋಡೆ, ಅಷ್ಟೇ. ಕೊಡೆ ಮಡಿಸಿ ವಾಪಸ್ ಹೊರಟಾಗ ಹಿಂದಿನಿಂದ ಯಾರೋ "ಬಂತು ಬಂತು" ಅಂತ ಕೂಗಿದರು. ತಿರುಗಿದರೆ ಮಂಜು ಎಡಗಡೆಯಿಂದ ಪರದೆ ಸರಿದಂತೆ ಸರಿಯುತ್ತಿತ್ತು. ಕಂದು ಬಣ್ಣದ ನೀರು, ದಪ್ಪ, ಬೀಳುವುದಕ್ಕಿಂತ ಉರುಳಿದಂತೆ ಕಾಣುತ್ತಿತ್ತು. ಒಂದು ನಿಮಿಷ ಇತ್ತೋ ಇಲ್ಲವೋ. ಮತ್ತೆ ಮುಚ್ಚಿತು. ನನಗೆ ಅದು ಇಷ್ಟ. ಆದರೆ ಬೆಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದವರಿಗೆ ಇಷ್ಟಕ್ಕೇ ಸಮಾಧಾನ ಆಗುತ್ತದೆ ಅಂತ ಹೇಳಲಾರೆ.

ಹಾಗಾಗಿ ನಾನು ಹೇಳುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವೆ. ಹಸ್ತ, ಚಿತ್ತ ಮಳೆ ಮುಗಿಯುವ ಹೊತ್ತು. ನೀರು ತಿಳಿಯಾಗಿರುತ್ತದೆ, ಕಾಡು ಇನ್ನೂ ಹಸಿರಿರುತ್ತದೆ, ಬಿಸಿಲೂ ಬರುತ್ತದೆ. ಬಿಸಿಲು ನಿಮ್ಮ ಬೆನ್ನಿಗಿದ್ದು ಎದುರಿಗೆ ತುಂತುರು ಇದ್ದರೆ ಕಾಮನಬಿಲ್ಲು ಸಿಗುತ್ತದೆ. ಡಿಸೆಂಬರ್‌ವರೆಗೂ ಪರವಾಗಿಲ್ಲ. ಫೆಬ್ರವರಿ ನಂತರ ಬಂದು "ಇಷ್ಟೇನಾ?" ಅಂದರೆ ಅದು ಹೊಳೆಯ ತಪ್ಪಲ್ಲ.

ಇನ್ನೊಂದು ಮಾತು. ಉಂಚಳ್ಳಿಯ ಅಘನಾಶಿನಿ ಹೊಳೆಗೂ ಮಾಗೋಡಿನ ಬೇಡ್ತಿ ಹೊಳೆಗೂ ದೊಡ್ಡ ಅಣೆಕಟ್ಟು ಇಲ್ಲ. ನೀರು ಹಿಡಿದಿಟ್ಟು ಬಿಡುವವರು ಯಾರೂ ಇಲ್ಲ. ನಿನ್ನೆ ಮೇಲೆ ಬಿದ್ದ ಮಳೆ ಇವತ್ತು ಇಲ್ಲಿ ಧುಮುಕುತ್ತದೆ. ಎರಡು ದಿನ ಮಳೆ ನಿಂತು ಹೊಳವಾದರೆ ನೀರು ಇಳಿದೇ ಬಿಡುತ್ತದೆ. ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಿದರೆ ಆಗುವುದಿಲ್ಲ, ಆ ವಾರದ ಮಳೆ ಕೇಳಿಕೊಂಡು ಹೊರಡಬೇಕು.

ಮೊದಲ ಸಲ ಬರುತ್ತಿದ್ದೇವೆ. ಒಂದೇ ಒಂದು ನೋಡುವುದಾದರೆ ಯಾವುದು?

ಉಂಚಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವ ಜಾಗ ಇದು. ಶಿರಸಿಯಿಂದ ಸುಮಾರು 35 ಕಿಲೋಮೀಟರ್. ಲಶಿಂಗ್ಟನ್ ಫಾಲ್ಸ್ ಅಂತಲೂ ಒಂದು ಹೆಸರಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕಲೆಕ್ಟರ್ ಆಗಿದ್ದ ಲಶಿಂಗ್ಟನ್ 1845ರಲ್ಲಿ ಇದನ್ನು "ಕಂಡುಹಿಡಿದ" ಅಂತ ಹೇಳುತ್ತಾರೆ. ಪಕ್ಕದ ಕೇರಿಯವರು ಅಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಓಡಾಡುತ್ತಿದ್ದರೋ ಏನೋ! ನಮ್ಮವರು ಕರೆಯುವುದು ಕೆಪ್ಪಜೋಗ ಅಂತ. ಹತ್ತಿರ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ, ಕಿವಿ ಕೆಪ್ಪಾಗುತ್ತದೆ, ಅದಕ್ಕೆ. ಈ ಹೆಸರು ಇಟ್ಟವರು ಮಳೆಗಾಲದಲ್ಲಿ ಬಂದಿದ್ದರು ಅನ್ನುವುದರಲ್ಲಿ ಸಂಶಯ ಇಲ್ಲ.

ಕಾರು ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡೆಯಬೇಕು, ಮೆಟ್ಟಿಲು ಇಳಿಯಬೇಕು. ದಾರಿಯಲ್ಲಿ ನೋಡುವ ಕಟ್ಟೆಗಳಿವೆ. ಮೊದಲನೆಯದರಲ್ಲೇ ಫೋಟೋ ತೆಗೆದು ತಿರುಗಬೇಡಿ, ಕೆಳಗಿನದಕ್ಕೂ ಇಳಿಯಿರಿ. ಕಣಿವೆ ಎಷ್ಟು ಆಳ ಅಂತ ಗೊತ್ತಾಗುವುದು ಅಲ್ಲಿಂದಲೇ.

ಇಲ್ಲಿನ ಕಾಡು ಸಿಂಗಳೀಕದ ಮನೆ. ಕಪ್ಪು ಮೈ, ಮುಖದ ಸುತ್ತ ಬೂದು ಜೂಲು, ತುದಿಗೆ ಕುಚ್ಚು ಇರುವ ಬಾಲ. ಇವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಕಂಡರೆ ನಿಮ್ಮ ಪುಣ್ಯ. ಕಾಣಲಿ ಅಂತ ಕುರ್‌ಕುರೆ ಪೊಟ್ಟಣ ತೋರಿಸಿದರೆ ಬರುವುದು ಬೇರೆ ಮಂಗ, ಅದು ಪೊಟ್ಟಣದ ಜೊತೆ ಬ್ಯಾಗನ್ನೂ ಒಯ್ಯುತ್ತದೆ.

ಮಾಗೋಡು ಹೇಗೆ? ಹತ್ತಿರ ಹೋಗಲು ಆಗುತ್ತದಾ?

ಇಲ್ಲ, ದೂರದಿಂದಲೇ ನೋಡುವುದು. ಬೇಡ್ತಿ ಹೊಳೆ ಸುಮಾರು 200 ಮೀಟರ್ ಇಳಿಯುತ್ತದೆ, ಆದರೆ ಒಂದೇ ಸಲ ಅಲ್ಲ. ಮೊದಲು ಒಂದು ಹಾರು, ಬಂಡೆಯ ಹಿಂದೆ ಮರೆ, ಮತ್ತೆ ಇನ್ನೊಂದು ಹಾರು. ನೀವು ನಿಂತಿರುವ ಜಾಗಕ್ಕೂ ಹೊಳೆಗೂ ನಡುವೆ ದೊಡ್ಡ ಕಮರಿ. ಹತ್ತಿರ ಹೋಗಲು ಆಗದ್ದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಬಂಡೆಯ ಮೇಲೂ ಯಾರೋ ಹೆಸರು ಬರೆದಿರುತ್ತಿದ್ದರು.

ಯಲ್ಲಾಪುರದಿಂದ 20 ಕಿಲೋಮೀಟರ್ ಒಳಗೆ. ದಾರಿಯಲ್ಲಿ ಕವಡೀಕೆರೆ ಸಿಗುತ್ತದೆ. ಅಲ್ಲಿ ಹತ್ತು ನಿಮಿಷ ನಿಲ್ಲಿಸಿ, ಕೆರೆ ದಂಡೆಯಲ್ಲಿ ದೇವಿಯ ಗುಡಿ ಇದೆ. ಮಾಗೋಡಿನಿಂದ ಜೇನುಕಲ್ಲು ಗುಡ್ಡಕ್ಕೆ ಹೋಗಬಹುದು. ಅಲ್ಲಿಂದ ಬೇಡ್ತಿ ಕೆಳಗೆ ಹಗ್ಗದ ಹಾಗೆ ಸುತ್ತಿ ಸುತ್ತಿ ಸಮುದ್ರದ ಕಡೆ ಹೋಗುವುದು ಕಾಣುತ್ತದೆ. ಘಟ್ಟದ ಕೆಳಗೆ ಇದೇ ಹೊಳೆಗೆ ಗಂಗಾವಳಿ ಅಂತ ಹೆಸರು.

ಈ ಹೊಳೆಗೆ ವಿದ್ಯುತ್ ಯೋಜನೆ ಬರುವುದಿತ್ತು. ಶಿರಸಿ, ಯಲ್ಲಾಪುರದ ಕಡೆಯ ಜನ ತೋಟ ಮುಳುಗುತ್ತದೆ, ಕಾಡು ಹೋಗುತ್ತದೆ ಅಂತ ಎದ್ದು ನಿಂತರು. 1980ರ ದಶಕದ ಶುರುವಿನಲ್ಲಿ ಅದು ನಿಂತುಹೋಯಿತು. ನಮ್ಮ ಅಪ್ಪನ ವಯಸ್ಸಿನವರ ಹತ್ತಿರ ಮಾಗೋಡಿನ ಸುದ್ದಿ ತೆಗೆದರೆ ಮೊದಲು ಹೇಳುವುದೇ ಆ ಸಭೆಗಳ ಕತೆ, ಜಲಪಾತದ್ದು ಆಮೇಲೆ.

ಸಾತೊಡ್ಡಿಯಲ್ಲಿ ಸ್ನಾನ ಮಾಡಬಹುದಂತೆ, ಹೌದಾ?

ನೀರು ಇಳಿದ ಮೇಲೆ, ಕಾವಲಿನವರು ಬಿಟ್ಟರೆ, ಮೊಣಕಾಲಿನವರೆಗೆ. ಸಾತೊಡ್ಡಿ ಎತ್ತರದ್ದಲ್ಲ, ಸುಮಾರು 15 ಮೀಟರ್. ಅಗಲವಾಗಿ ಬಂಡೆಯ ಮೇಲೆ ಹರಡಿ ಬೀಳುತ್ತದೆ, ಎದುರಿಗೆ ನಿಂತರೆ ಮೈಮೇಲೆ ತುಂತುರು. ಈ ನೀರು ಮುಂದೆ ಕಾಳಿಯ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು ಸೇರುತ್ತದೆ. ಯಲ್ಲಾಪುರದಿಂದ ಸುಮಾರು 30 ಕಿಲೋಮೀಟರ್, ಕೊನೆಯಲ್ಲಿ ಸ್ವಲ್ಪ ನಡಿಗೆ. ಹಿನ್ನೀರಿನ ಪಕ್ಕದಲ್ಲೇ ನಡೆಯುವ ಆ ದಾರಿ ಜಲಪಾತಕ್ಕಿಂತ ಚೆಂದ ಅನ್ನುವವರಿದ್ದಾರೆ. ನಾನೂ ಅವರ ಪೈಕಿ.

ನೀರಿಗೆ ಇಳಿದರೆ ಏನಾಗುತ್ತದೆ? ಎಲ್ಲರೂ ಇಳಿಯುತ್ತಾರಲ್ಲ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಈಜು ಬರುವವರು. ಈಜು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಒಂದು, ಬಂಡೆ. ಮೇಲಿನಿಂದ ಒಣಗಿದ ಹಾಗೆ ಕಂಡರೂ ಅದರ ಮೇಲೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಚಪ್ಪಲಿ, ಶೂ, ಬರಿಗಾಲು ಯಾವುದೂ ನಿಲ್ಲುವುದಿಲ್ಲ. ಎರಡು, ನೀವಿರುವಲ್ಲಿ ಬಿಸಿಲಿದ್ದರೂ ಹತ್ತು ಕಿಲೋಮೀಟರ್ ಮೇಲೆ ಮಳೆ ಹೊಡೆದಿರಬಹುದು. ಆ ನೀರು ಹೇಳಿ ಕೇಳಿ ಬರುವುದಿಲ್ಲ. ಸದ್ದು ಬದಲಾದರೆ, ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ ಹಿಂದೆ ಮುಂದೆ ನೋಡದೆ ದಡಕ್ಕೆ ಬನ್ನಿ. ಚಪ್ಪಲಿ ತರಲು ವಾಪಸ್ ಹೋಗಬೇಡಿ. ಮೂರು, ಬೀಳುವ ನೀರಿನ ಬುಡದಲ್ಲಿ ಗುಂಡಿ ಇರುತ್ತದೆ, ಸುಳಿ ಇರುತ್ತದೆ. ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ.

ಮಳೆ ಜೋರಾದಾಗ ಜಿಲ್ಲಾಡಳಿತ ಜಲಪಾತಗಳಿಗೆ ಹೋಗುವುದನ್ನೇ ನಿಷೇಧಿಸುವುದುಂಟು. ಗೇಟಿನಲ್ಲಿ ಬೇಡ ಅಂದರೆ ಅಲ್ಲಿ ವಾದ ಮಾಡಬೇಡಿ. ಪಕ್ಕದ ಕಾಲುದಾರಿ ತೋರಿಸುವ ಹುಡುಗರು ಸಿಗುತ್ತಾರೆ, ಅವರ ಹಿಂದೆಯೂ ಹೋಗಬೇಡಿ.

ಕಾರವಾರದಿಂದ ಹೊರಟರೆ ಯಾವ ಘಟ್ಟ ಹತ್ತಬೇಕು?

ಯಲ್ಲಾಪುರದ ಕಡೆ ಹೋಗುವುದಾದರೆ ಅಂಕೋಲಾಕ್ಕೆ ಬಂದು ಅರಬೈಲ್ ಘಟ್ಟ. ಹುಬ್ಬಳ್ಳಿ ರಸ್ತೆ ಅದು, ಲಾರಿ ಸಾಲುಸಾಲು. ಅದಿರು ಲಾರಿಗಳ ಕಾಲ ನೋಡಿದವರಿಗೆ ಈಗಿನದು ಏನೂ ಅಲ್ಲ, ಹೊಸಬರಿಗೆ ಮಾತ್ರ ಸ್ವಲ್ಪ ಕಿರಿಕಿರಿ. ಶಿರಸಿ ಕಡೆಗಾದರೆ ಕುಮಟಾದಿಂದ ದೇವಿಮನೆ ಘಟ್ಟ. ನೋಡಲು ಇದೇ ಚೆಂದ. ಆದರೆ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ಮಳೆಗಾಲದಲ್ಲಿ ವಾಹನ ಬಂದ್ ಮಾಡಿದ್ದೂ ಇದೆ. ಹಿಂದಿನ ದಿನ ಕುಮಟಾದಲ್ಲೋ ಶಿರಸಿಯಲ್ಲೋ ಇರುವ ಪರಿಚಯದವರನ್ನು ಕೇಳಿಯೇ ಹೊರಡಿ. ಕಾರವಾರದಿಂದ ಶಿರಸಿಗೆ 120 ಕಿಲೋಮೀಟರ್ ಹತ್ತಿರ ಆಗುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಾತ್ರ ಆ ದಿನ ದಿನ ಅನಿಸಿಕೊಳ್ಳುತ್ತದೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಹೆದ್ದಾರಿಯ ಪಕ್ಕ ಚಹಾ ಕುಡಿಯಲು ನಿಲ್ಲಿಸಿದ ಜಾಗವೇ ಗಂಗಾವಳಿಗೆ ಹೋಯಿತು. ಅದಾದ ಮೇಲೆ ನಾನು ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸುವುದಿಲ್ಲ. ಫೋನ್ ಬಂದರೂ, ಮಗುವಿಗೆ ವಾಂತಿ ಬಂದರೂ, ಬಯಲು ಸಿಕ್ಕ ಮೇಲೆಯೇ.

ಸಣ್ಣ ಕಾರು ಸಾಕಾ, ಜೀಪು ಬೇಕಾ?

ಸಣ್ಣ ಕಾರು ಸಾಕು. ನಮ್ಮ ಊರಿನ ಅರ್ಧ ಜನ ಮಾರುತಿ 800ರಲ್ಲೇ ಅಡಿಕೆ ಚೀಲ ಹಾಕಿಕೊಂಡು ಈ ಏರು ಹತ್ತಿದವರು. ಬೇಕಾಗಿರುವುದು ಒಳ್ಳೆಯ ಟೈರು, ಒಳ್ಳೆಯ ವೈಪರ್, ಮತ್ತೆ ತಾಳ್ಮೆ. ಟಾರು ಮುಗಿದು ಕೆಂಪು ಮಣ್ಣು ಶುರುವಾಗುವಲ್ಲಿ ಒಮ್ಮೆ ಇಳಿದು ನೋಡಿ. ಮಣ್ಣು ಕಾಲಿಗೆ ಅಂಟಿಕೊಂಡು ಬಂದರೆ ಕಾರು ಅಲ್ಲೇ ಬಿಟ್ಟು ನಡೆಯಿರಿ.

ಘಟ್ಟದಲ್ಲಿ ಓಡಿಸಿ ಅಭ್ಯಾಸ ಇಲ್ಲ. ಏನು ಗಮನ ಇಡಬೇಕು?

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ, ಬ್ರೇಕ್ ಕಾದು ಕೆಲಸ ಕೊಡುವುದಿಲ್ಲ. ರಸ್ತೆ ಕಿರಿದಿದ್ದಲ್ಲಿ ಏರು ಹತ್ತಿ ಬರುವವರಿಗೆ ಮೊದಲು ದಾರಿ ಬಿಡಬೇಕು, ಇದು ನಿಯಮವೂ ಹೌದು. ತಿರುವಿನಲ್ಲಿ ಹಾರ್ನ್ ಹಾಕಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ, ಲೋ ಬೀಮ್ ಸಾಕು. ಹಜಾರ್ಡ್ ಲೈಟ್ ಹಾಕಿಕೊಂಡೇ ಓಡಿಸಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಮತ್ತೆ ಸರಕಾರಿ ಬಸ್ಸು. ಅದರ ಡ್ರೈವರಿಗೆ ಪ್ರತಿ ತಿರುವೂ ಗೊತ್ತು, ನಿಮಗೆ ಗೊತ್ತಿಲ್ಲ. ಹಿಂದೆ ಬಂದರೆ ಬದಿಗೆ ಸರಿದು ಬಿಟ್ಟುಬಿಡಿ. ಆಮೇಲೆ ಅದರ ಹಿಂದೆಯೇ ಹೋದರೆ ನಿಮಗೇ ಸಲೀಸು.

ಉಂಬಳ (ಜಿಗಣೆ) ಕಚ್ಚುತ್ತವಂತೆ. ಏನು ಮಾಡಬೇಕು?

ಕಚ್ಚುತ್ತವೆ. ಮಳೆಗಾಲದಲ್ಲಿ ಕಾಡಿಗೆ ಕಾಲಿಟ್ಟ ಮೇಲೆ ಉಂಬಳ ಬೇಡ ಅಂದರೆ ಆಗುತ್ತದಾ?

ತರಗೆಲೆಯ ತುದಿಯಲ್ಲಿ ದಾರದೆಳೆಯ ಹಾಗೆ ಎದ್ದು ನಿಂತು, ತಲೆ ಆಡಿಸುತ್ತಾ ಯಾರು ಬಂದರು ಅಂತ ಹುಡುಕುತ್ತಿರುತ್ತದೆ. ಒಂದು ಸಲ ಕೂತು ನೋಡಿ, ಮಜಾ ಇದೆ. ಹಿಂದಿನ ಕಾಲು ಊರುತ್ತದೆ, ಮೈ ಬಿಲ್ಲಿನಂತೆ ಬಗ್ಗಿಸುತ್ತದೆ, ಗೇಣು ಹಾಕಿದ ಹಾಗೆ ಮುಂದೆ ಬರುತ್ತದೆ. ಕಾಲು ಅನ್ನುವುದು ಸುಮ್ನೆ ಮಾತಿಗೆ, ಇರುವುದು ಅಂಟುವ ಬಾಯಿ ಅಷ್ಟೇ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾರಿನಲ್ಲಿ ಕೂತ ಮೇಲೆ ಬೆರಳ ಸಂದಿಯಲ್ಲಿ ಒದ್ದೆ ಅನಿಸುತ್ತದೆ, ನೋಡಿದರೆ ಸಾಕ್ಸ್ ಕೆಂಪು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ, ಅದಕ್ಕೇ ಅಷ್ಟು ಹೊತ್ತು ಸೋರುವುದು. ಹೆದರಬೇಕಾದ್ದು ಏನೂ ಇಲ್ಲ. ಶುಗರ್ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಕಾಡಿನೊಳಗೆ ಜಾಸ್ತಿ ಓಡಾಡದಿರುವುದು ಒಳ್ಳೆಯದು.

ಕಿತ್ತು ಎಳೆಯಬೇಡಿ. ಉಪ್ಪು ಮುಟ್ಟಿಸಿ, ಇಲ್ಲವೇ ಎಲೆ ಅಡಿಕೆಯ ಸುಣ್ಣ. ಬಿಟ್ಟು ಬೀಳುತ್ತದೆ. ನಮ್ಮ ತೋಟದ ಕೆಲಸದವರು ಹೊಗೆಸೊಪ್ಪು ನೆನೆಸಿದ ನೀರು ಕಾಲಿಗೆ ಹಚ್ಚಿಕೊಳ್ಳುತ್ತಾರೆ. ಬಟ್ಟೆ ಸಾಬೂನು ಒದ್ದೆ ಮಾಡಿ ಕಾಲಿಗೆ ತಿಕ್ಕಿಕೊಂಡರೂ ಸ್ವಲ್ಪ ಹೊತ್ತು ನಡೆಯುತ್ತದೆ. ಜೀನ್ಸ್ ಹಾಕಿ ಬರಬೇಡಿ. ಒದ್ದೆಯಾದರೆ ಒಣಗುವುದಿಲ್ಲ, ಮಡಿಕೆಯೊಳಗೆ ಉಂಬಳ ಕೂತರೆ ಕಾಣುವುದೂ ಇಲ್ಲ.

ಊಟ ಎಲ್ಲಿ?

ಜಲಪಾತದ ಹತ್ತಿರ ಊಟ ಸಿಗುತ್ತದೆ ಅಂತ ನಂಬಬೇಡಿ. ಒಂದು ಚಹಾ ಅಂಗಡಿ ಇರಬಹುದು, ಮಳೆ ಜೋರಿದ್ದರೆ ಅದೂ ಬಾಗಿಲು ಹಾಕಿರುತ್ತದೆ. ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರದಲ್ಲಿ ಗಟ್ಟಿ ತಿಂಡಿ ತಿಂದು ಹೊರಡಿ. ಬನ್ಸ್ ಮತ್ತು ಮಿಸಳ್ ಬಾಜಿ ತಿಂದರೆ ಮಧ್ಯಾಹ್ನ ಎರಡರವರೆಗೆ ಹಸಿವಿನ ಸುದ್ದಿ ಇರುವುದಿಲ್ಲ. ಕೆಲವು ಹಳ್ಳಿ ಮನೆಗಳಲ್ಲಿ ಮೊದಲೇ ಹೇಳಿದರೆ ಊಟ ಮಾಡಿಕೊಡುತ್ತಾರೆ. ಸಿಕ್ಕರೆ ಬಿಡಬೇಡಿ. ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಹುಳಿ, ಲೋಟದಲ್ಲಿ ಕೊಟ್ಟರೆ ಅದನ್ನು ಕುಡಿಯುವುದು, ಅನ್ನಕ್ಕೆ ಸುರಿದುಕೊಂಡು ಸಾರು ತೆಳ್ಳಗಾಗಿದೆ ಅನ್ನಬೇಡಿ. ಊಟ ಆದ ಮೇಲೆ ಕಾರು ಓಡಿಸುವವರು ಇನ್ನೊಂದು ಲೋಟ ಕೇಳಬಾರದು, ನಿದ್ದೆ ಗ್ಯಾರಂಟಿ.

ಮನೆಗೆ ಒಯ್ಯಲು ತೊಡೆದೇವು ತೆಗೆದುಕೊಳ್ಳಿ. ಬೋರಲು ಹಾಕಿದ ಮಡಿಕೆಗೆ ಕೆಳಗಿನಿಂದ ಬೆಂಕಿ ಕೊಟ್ಟು, ಕೋಲಿಗೆ ಸುತ್ತಿದ ಬಟ್ಟೆಯನ್ನು ಅಕ್ಕಿ ಹಿಟ್ಟು, ಕಬ್ಬಿನ ಹಾಲು ಕಲಸಿದ ತೆಳು ಹಿಟ್ಟಿನಲ್ಲಿ ಅದ್ದಿ, ಮಡಿಕೆಯ ಮೇಲೆ ಒಂದೇ ಸಲ ಎಳೆಯುತ್ತಾರೆ. ಕಾಗದಕ್ಕಿಂತ ತೆಳು. ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಅದರ ಮೇಲೆ ಬ್ಯಾಗ್ ಇಟ್ಟವರು ಮನೆಗೆ ಒಯ್ದದ್ದು ತೊಡೆದೇವಿನ ಪುಡಿ.

ನೆಟ್‌ವರ್ಕ್, ಪೆಟ್ರೋಲ್?

ಪೆಟ್ರೋಲ್ ಪೇಟೆಯಲ್ಲೇ ಹಾಕಿಸಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಳಗೆ ಸಿಗ್ನಲ್ ಸಿಗುವುದು ಅದೃಷ್ಟ. ಚಿಲ್ಲರೆ ದುಡ್ಡೂ ಇರಲಿ, ಗೇಟಿನಲ್ಲಿ ಶುಲ್ಕ ಕೇಳುವ ಕಡೆ ಫೋನ್ ಪೇ ಓಡುವುದಿಲ್ಲ.

ಸ್ಟೆಪ್ನಿ ನೋಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದಕ್ಕೆ ಕಾರಣ ಇದೆ. ಹೆಗ್ಗರಣೆ ದಾಟಿ ಒಂದು ಸಲ ಟೈರು ಪಂಕ್ಚರ್ ಆಯಿತು. ಸರ್ವೀಸ್ ಮಾಡಿಸಿ ವಾರ ಆಗಿತ್ತಷ್ಟೇ, ಬಿಲ್ಲಿನಲ್ಲಿ "ಐದೂ ಟೈರು ಗಾಳಿ ಚೆಕ್" ಅಂತ ಬರೆದಿತ್ತು. ಡಿಕ್ಕಿ ತೆಗೆದು ಸ್ಟೆಪ್ನಿ ಒತ್ತಿದರೆ ಹಲಸಿನ ಹಣ್ಣು ಒತ್ತಿದ ಹಾಗೆ ಒಳಗೆ ಹೋಯಿತು. ಸಿಗ್ನಲ್ ಇಲ್ಲ. ಮಳೆ. ಒಂದೂವರೆ ಗಂಟೆ ಆದ ಮೇಲೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಸಾಮಾನು ಹೇರಿಕೊಂಡು ಒಂದು ಪಿಕಪ್ ಬಂತು. ಅದರ ಡ್ರೈವರ್ ನಕ್ಕು, "ಗಾಳಿ ಪಂಪ್ ಇಟ್ಕೊಳಿ ಸರ್, ಮುನ್ನೂರು ರೂಪಾಯಿ ಅಷ್ಟೇ" ಅಂದರು. ಈಗ ಇಟ್ಟುಕೊಂಡಿದ್ದೇನೆ.

ಮ್ಯಾಪನ್ನೂ ಪೂರ್ತಿ ನಂಬಬೇಡಿ. ಅದು ತೋರಿಸಿದ "ಹತ್ತಿರದ ದಾರಿ" ಹಿಡಿದು ಹೋಗಿ ನಾವು ಒಬ್ಬರ ಮನೆಯ ಅಂಗಳದಲ್ಲಿ ನಿಂತಿದ್ದೆವು. ಮುಂದೆ ರಸ್ತೆಯೇ ಇಲ್ಲ, ಬೇಲಿಯ ದಣಪೆ (ಅಡ್ಡಗಳುವಿನ ಬಾಗಿಲು) ಇದೆ. ಮನೆಯವರಿಗೆ ಇದು ರೂಢಿ. "ಫಾಲ್ಸಿಗಾ? ಹಿಂದೆ ಹೋಗಿ ಬಲಕ್ಕೆ. ಕಷಾಯ ಕುಡೀತ್ರಾ?" ಕುಡಿದೆವು.

ವಯಸ್ಸಾದವರನ್ನು ಕರೆದುಕೊಂಡು ಬರಬಹುದಾ?

ಮಾಗೋಡಿಗೆ ಧಾರಾಳವಾಗಿ. ಕಾರು ನಿಲ್ಲಿಸುವ ಜಾಗದಿಂದ ನೋಡುವ ಕಟ್ಟೆ ದೂರ ಇಲ್ಲ. ಉಂಚಳ್ಳಿಯ ಮೆಟ್ಟಿಲು ಇಳಿಯುವಾಗ ಸುಲಭ, ಹತ್ತುವಾಗ ಮಂಡಿ ಕೇಳುತ್ತದೆ. ಅಮ್ಮನಿಗೆ ನಡೆಯಲು ಆಗುವುದಿಲ್ಲ ಅಂದರೆ ಸಹಸ್ರಲಿಂಗದವರೆಗೆ ಹೋಗಿ ಬನ್ನಿ, ಶಿರಸಿಯಿಂದ 17 ಕಿಲೋಮೀಟರ್, ಯಲ್ಲಾಪುರ ರಸ್ತೆಯ ಕಡೆ. ಶಾಲ್ಮಲೆ ಹೊಳೆಯ ಬಂಡೆಗಳಲ್ಲಿ ಸೋಂದೆ ಅರಸರ ಕಾಲದಲ್ಲಿ ಕೊರೆಸಿದ ಲಿಂಗಗಳು. ಮಳೆಗಾಲದಲ್ಲಿ ಮುಳುಗಿರುತ್ತವೆ, ನೀರು ಇಳಿದ ಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ.

ಬೆಣ್ಣೆಹೊಳೆ, ವಿಭೂತಿ, ಶಿವಗಂಗೆ, ಬುರುಡೆ ಜೋಗ?

ಬೆಣ್ಣೆಹೊಳೆ ದೇವಿಮನೆ ಘಟ್ಟದ ಕಡೆ, ಬೆಣ್ಣೆ ಕರಗಿ ಇಳಿದ ಹಾಗೆ. ಕೊನೆಯ ಒಂದಿಷ್ಟು ದೂರ ಕೆಸರಿನ ನಡಿಗೆ, ಮಳೆ ಕಡಿಮೆಯಾದ ಮೇಲೆ ಹೋಗಿ. ವಿಭೂತಿ ಚಿಕ್ಕದು, ಯಾಣದ ದಾರಿಯಲ್ಲಿ, ಮಕ್ಕಳಿಗೆ ಇಷ್ಟ ಆಗುತ್ತದೆ. ಶಿವಗಂಗೆ 74 ಮೀಟರ್, ಕಾಡಿನ ಒಳಗೆ, ದಾರಿ ಗೊತ್ತಿದ್ದವರು ಜೊತೆಗಿರಲಿ. ಬುರುಡೆ ಜೋಗ ಸಿದ್ದಾಪುರದ ಕಡೆ, ಮಳೆಗಾಲದಲ್ಲಿ ಬುಡಕ್ಕೆ ಇಳಿಯುವ ಯೋಚನೆಯೇ ಬೇಡ.

ಜೋಗ ನೋಡದೆ ಹೋಗುವುದಾ?

ನೋಡಿ, ಬೇಡ ಅಂದವರು ಯಾರು? ಸಿದ್ದಾಪುರದಿಂದ 20 ಕಿಲೋಮೀಟರ್ ಅಷ್ಟೇ. 253 ಮೀಟರ್, ರಾಜಾ, ರಾಣಿ, ರೋರರ್, ರಾಕೆಟ್. ಆದರೆ ಶರಾವತಿಯ ನೀರನ್ನು 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಟ್ಟಿದೆ. ಅಲ್ಲಿ ಬಿಟ್ಟಷ್ಟು ಇಲ್ಲಿ ಬೀಳುವುದು. ಅಣೆಕಟ್ಟು ತುಂಬಿ ಬಾಗಿಲು ತೆರೆದ ವಾರ ಬಂದರೆ ಭರ್ಜರಿ, ಇಲ್ಲದಿದ್ದರೆ ನಾಲ್ಕು ಗೆರೆ. ಬೆಳಿಗ್ಗೆ ಜೋಗ ನೋಡಿ ಮಧ್ಯಾಹ್ನ ಉಂಚಳ್ಳಿಗೆ ಬಂದವರಿಗೆ ಕಟ್ಟಿದ ಹೊಳೆಗೂ ಬಿಟ್ಟ ಹೊಳೆಗೂ ಇರುವ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ.

ಘಟ್ಟ ಹತ್ತುವುದಿಲ್ಲ, ಕರಾವಳಿಯಲ್ಲೇ ಏನಾದರೂ ಇದೆಯಾ?

ಹೊನ್ನಾವರದ ಹತ್ತಿರ ಅಪ್ಸರಕೊಂಡ. ಚಿಕ್ಕ ಜಲಪಾತ, ಮೇಲೆ ಗುಡ್ಡ ಹತ್ತಿದರೆ ಸಮುದ್ರ. ಕಾರವಾರದವರಿಗೆ ಚೆಂಡಿಯಾ ಕಡೆಯ ನಾಗರಮಡಿ ಇದೆ, ಬಂಡೆಯ ಸಂದಿಯಿಂದ ನೀರು ಬೀಳುವ ಜಾಗ. ತಣ್ಣಗೆ ಸುಂದರವಾಗಿದೆ, ಆದರೆ ಇಕ್ಕಟ್ಟು. ಮೋಡ ಕಪ್ಪಾಗಿದ್ದ ದಿನ ಅದರೊಳಗೆ ಇರಬೇಡಿ.

ಊರಿನವರಿಗೆ ತೊಂದರೆ ಆಗದಂತೆ ಏನು ಮಾಡಬೇಕು?

ಕೇಳಿದ್ದಕ್ಕೆ ಖುಷಿ ಆಯಿತು, ಯಾರೂ ಕೇಳುವುದಿಲ್ಲ. ಜಲಪಾತದ ಕೆಳಗೂ ಕುಡಿಯಲು ಅದೇ ನೀರು ಬಳಸುವ ಮನೆಗಳಿವೆ. ಬಾಟಲಿ ಒಡೆಯಬೇಡಿ, ಆ ಚೂರು ಬರಿಗಾಲಲ್ಲಿ ಸೊಪ್ಪು ತರಲು ಹೋಗುವವರ ಪಾದಕ್ಕೆ ಸೇರುತ್ತದೆ. ಕಿರಿದಾದ ರಸ್ತೆಯಲ್ಲಿ ಯಾರದೋ ತೋಟದ ದಾರಿಗೆ ಅಡ್ಡವಾಗಿ ಕಾರು ನಿಲ್ಲಿಸಬೇಡಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೊನೆ ಹೇರಿದ ಗಾಡಿ ಬಂದು ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ, ಕಾರಿನವರು ಕೆಳಗೆ ಸೆಲ್ಫಿಯಲ್ಲಿರುತ್ತಾರೆ. ಮತ್ತೆ ಈ ಕಾಡಿನ ವಿಷಯದಲ್ಲಿ ಇಲ್ಲಿನವರಿಗೆ ಸ್ವಲ್ಪ ಮೂಗಿನ ತುದಿಯಲ್ಲೇ ಸಿಟ್ಟು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಹತ್ತಿರ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ ಊರಿದು. ಮರಕ್ಕೆ ಚಾಕುವಿನಲ್ಲಿ ಹೆಸರು ಕೆತ್ತುವಾಗ ಯಾರಾದರೂ ಅಜ್ಜ ಬಂದು ಬೈದರೆ ಬೈಸಿಕೊಳ್ಳಿ.

ಸಂಜೆ ಎಷ್ಟಕ್ಕೆ ವಾಪಸ್ ಹೊರಡಬೇಕು?

ಮಳೆಗಾಲದಲ್ಲಿ ನಾಲ್ಕೂವರೆಗೆ ಕಾರು ಹತ್ತಿರಬೇಕು. ಕಾಡಿನಲ್ಲಿ ಆರಕ್ಕೇ ಕತ್ತಲು. ನವೆಂಬರ್, ಡಿಸೆಂಬರಿನಲ್ಲಿ ಜೇನುಕಲ್ಲು ಗುಡ್ಡದಲ್ಲಿ ಸೂರ್ಯ ಮುಳುಗುವವರೆಗೆ ಕೂತು, ಯಲ್ಲಾಪುರದಲ್ಲಿ ಚಹಾ ಕುಡಿದು ಹೋದರೆ ತೊಂದರೆ ಇಲ್ಲ.

ನಾಳೆ ಬರಬಹುದಾ?

ಇದಕ್ಕೆ ಮಾತ್ರ ಬರೆದಿಡಲು ಬರುವುದಿಲ್ಲ, ಫೋನ್ ಮಾಡಿ. ನಮ್ಮ ತೋಟದ ಕೆಳಗೆ ಅಘನಾಶಿನಿಗೆ ಸೇರುವ ಒಂದು ಹಳ್ಳ ಇದೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ಸಂಕದ (ಕಾಲುಸೇತುವೆಯ) ಮೇಲೆ ನಿಂತು ನೋಡುತ್ತೇನೆ. ನೀರು ಕೆಂಪಗಿದ್ದು ಸಂಕದ ಬುಡ ಮುಟ್ಟಿದ್ದರೆ ಬೇಡ ಅನ್ನುತ್ತೇನೆ. ಅಡಿಯ ಕಲ್ಲು ಕಾಣುತ್ತಿದ್ದರೆ, ಹೊರಡಿ.